ಗಿಡಕ್ಕೊಂದು ಮನೆಯಂತೆ

ಫೆಬ್ರವರಿ 9, 2025, ಭಾನುವಾರ

ನಮ್ಮ ಸೊಸೆ ದೀಪಿಕಳಿಗೆ ಹಿತ್ತಲಲ್ಲಿ ಗಿಡಕ್ಕೊಂದು ಮನೆ ಬೇಕಂತೆ. ಗ್ರೀನ್‌ಹೌಸು. ಬೆಳಗ್ಗೆ ರೊಟ್ಟಿ ತಟ್ಟುತ್ತಾ ನಿಂತಿದ್ದವಳು, ಹಾಲು ಮುಗಿದಿದೆ ಅನ್ನುವಷ್ಟು ಸಲೀಸಾಗಿ ಹೇಳಿಬಿಟ್ಟಳು. ಶಿಂಷಾ ದಂಡೆಯ ವೈದ್ಯನಾಥಪುರದಲ್ಲಿ, ಕಡ್ಡಿ ಸಿಕ್ಕಿಸಿದರೂ ಚಿಗುರುವ ನೆಲದಲ್ಲಿ, ಗಿಡ ಬೆಳೆಯುವುದಕ್ಕೆ ಮನೆ ಕಟ್ಟಬೇಕಂತೆ. ಕೇಳಿದವರು ನಗಬೇಕೋ ಅಳಬೇಕೋ.

ಬೆಳೆಯುವುದಾದರೂ ಏನನ್ನು? ಬದನೆಯೋ ಟೊಮೇಟೋವೋ ಆಗಿದ್ದರೆ ಹಾಳಾಗಿ ಹೋಗಲಿ ಅನ್ನಬಹುದಿತ್ತು. ಇವಳವು ಆಂಥೂರಿಯಂ, ಜರೀಗಿಡ, ಎಲೆಯ ಮೇಲೆಲ್ಲ ಮಚ್ಚೆ ಬಿದ್ದಿರುವ ಇನ್ನೇನೇನೋ. ತಿನ್ನಲು ಬಾರದವು, ದೇವರಿಗೆ ಮುಡಿಸಲು ಬಾರದವು, ದನ ಕೂಡ ಮೂಸಿ ನೋಡದಂಥವು. ಪ್ರತಿ ಬೇಸಿಗೆಗೂ ಒಣಗಿ ಸಾಯುತ್ತವೆ, ಮಳೆ ಬಿದ್ದ ಕೂಡಲೇ ಹೋಗಿ ಮತ್ತೆ ಅವನ್ನೇ ತರುತ್ತಾಳೆ.

ನಮ್ಮ ಯಜಮಾನರು ಮಾದಯ್ಯನವರಂತೂ ತಟ್ಟೆಯಿಂದ ತಲೆ ಎತ್ತದೆ, "ಮಾಡ್ಕೊ ಕಣವ್ವ" ಅಂದರು. ಅವರಿಗೆ ಸೊಸೆ ಏನು ಕೇಳಿದರೂ ಅದೊಂದೇ ಉತ್ತರ.

ಯತೀಶನ ವರ್ಷದ ಕಾರ್ಯ ಮುಗಿದು ಎರಡು ತಿಂಗಳಾಗಿದೆ. ಊಟ ಮಾಡಿ ಎದ್ದ ಮಗ ಎದೆ ಹಿಡಿದುಕೊಂಡು ಕುಸಿದ ಜಾಗವನ್ನು ನಾನು ಇವತ್ತಿಗೂ ಸುತ್ತು ಹಾಕಿಕೊಂಡೇ ದಾಟುತ್ತೇನೆ. ಅಂಥ ಮನೆಯಲ್ಲಿ ಇವಳಿಗೆ ಹೊಸ ಆಸೆ ಹುಟ್ಟಿದ್ದನ್ನು ಕಂಡರೆ ಮೈ ಉರಿಯುತ್ತದೆ. ಯಾರ ಎದುರಿಗೂ ಹೇಳುವ ಹಾಗಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಫೆಬ್ರವರಿ 12, ಬುಧವಾರ

ಕಾಲೇಜಿನಿಂದ ಬಂದವಳು ಫೋನು ಹಿಡಿದು ಪಕ್ಕದಲ್ಲಿ ಕುಳಿತಳು. ಮದ್ದೂರಿನ ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುವ ಹೆಂಗಸು, ಮಗ್ಗಿ ಬಾರದ ಮಕ್ಕಳ ಹಾಗೆ ಬೆರಳಾಡಿಸಿಕೊಂಡು ಚಿತ್ರ ತೋರಿಸುತ್ತಾಳೆ.

ಮೊದಲನೆಯದು ಗಾಜಿನದು. ಹಿಮ ಬೀಳುವ ದೇಶದಲ್ಲಿ ಬಿಳಿ ಕೂದಲಿನ ಅಜ್ಜಿಯೊಬ್ಬಳು ಅದರೊಳಗೆ ಕುರ್ಚಿ ಹಾಕಿಕೊಂಡು ಟೀ ಕುಡಿಯುತ್ತಿದ್ದಾಳೆ. ನಮ್ಮ ಏಪ್ರಿಲ್ ತಿಂಗಳಲ್ಲಿ ಕುಳಿತರೆ ಅಜ್ಜಿ ಹದವಾಗಿ ಬೇಯುತ್ತಾಳೆ. ಎರಡನೆಯದು ಪಾಲಿಕಾರ್ಬೊನೇಟ್ ಶೀಟಿನದು. ಸೈಕಲ್ ಸ್ಟ್ಯಾಂಡಿಗೆ ಹಾಕುತ್ತಾರಲ್ಲ, ಅದೇ ಶೀಟು, ಹೆಸರು ಮಾತ್ರ ದೊಡ್ಡದು. ಮೂರನೆಯದು ಪ್ಲಾಸ್ಟಿಕ್ ಹಾಳೆಯದು, ನಾಮಕರಣದ ಶಾಮಿಯಾನಕ್ಕಿಂತ ಕಡೆ. ಕೊಕ್ಕರೆ ಬೆಳ್ಳೂರಿನ ಹಕ್ಕಿಗಳು ಹೊಳೆಗೆ ಬರುವುದು ನಮ್ಮ ಹಿತ್ತಲ ಮೇಲಿಂದಲೇ, ಅವು ಹಿಕ್ಕೆ ಹಾಕಿ ಸುಣ್ಣ ಬಳಿದು ಹೋದರೆ ಒರೆಸುವವರು ಯಾರು ಅಂತ ಕೇಳಿದೆ. ತಾನೇ ಒರೆಸುತ್ತಾಳಂತೆ. ಇವಳಿಗೆ ಸಿಟ್ಟೂ ಬರುವುದಿಲ್ಲ. ಸಿಟ್ಟು ಬಾರದವರ ಜೊತೆ ಜಗಳ ಆಡಿ ಏನು ಸುಖ.

ಫೆಬ್ರವರಿ 16, ಭಾನುವಾರ

ಮಳವಳ್ಳಿಯಿಂದ ಅವಳ ಅಣ್ಣ ಚಂದನ ಬಂದಿದ್ದ. ಕಾರಿನ ಕೀಲಿಯನ್ನು ಬೆರಳಲ್ಲಿ ತಿರುಗಿಸದೆ ಅವನಿಗೆ ಮಾತೇ ಹೊರಡುವುದಿಲ್ಲ. ಮುದ್ದೆ ಬೇಡ, ಡಾಕ್ಟರು ಹೇಳಿದ್ದಾರೆ ಅಂದವನು, ಅವರೆಕಾಳು ಸಾರಿನಲ್ಲಿ ಎರಡು ಮುದ್ದೆ ಇಳಿಸಿದ.

ಆಮೇಲೆ ಹಿತ್ತಲ ನಲ್ಲಿಯ ಹತ್ತಿರ ತಂಗಿಯನ್ನು ನಿಲ್ಲಿಸಿಕೊಂಡು ಮಾತಾಡಿದ. ನಾನು ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ಸೀರೆಯ ಮರೆಯಲ್ಲಿ ನನ್ನನ್ನು ಅವನು ನೋಡಲಿಲ್ಲ.

"ವರ್ಸನೂ ಕಳೀತು. ನಿಂಗಿನ್ನೂ ವಯಸ್ಸೈತೆ ಕಣಮ್ಮ. ಮಂಡ್ಯದಲ್ಲಿ ಒಂದು ಸಂಬಂಧ ಐತೆ, ಒಂದ್ ಕಿತ ನೋಡು."

ಅವಳು ಹೂಂ ಅನ್ನಲಿಲ್ಲ. ಊಹೂಂ ಅನ್ನಲೂ ಇಲ್ಲ.

ಬಟ್ಟೆ ತಂದು ಮಂಚದ ಮೇಲೆ ಹಾಕಿ ಅದರ ಪಕ್ಕದಲ್ಲೇ ಕುಳಿತುಬಿಟ್ಟೆ. ಭಯವಾಗಿದೆ, ಇಲ್ಲಿ ಸುಳ್ಳು ಬರೆದು ಏನಾಗಬೇಕು. ಇವಳು ಹೋದರೆ ಈ ಮನೆಯಲ್ಲಿ ಯತೀಶನ ಹೆಸರು ಎತ್ತುವವರು ಯಾರು? ಯಜಮಾನರು ಎತ್ತುವುದಿಲ್ಲ. ನನ್ನಿಂದ ಆಗುವುದಿಲ್ಲ. ಇವಳೊಬ್ಬಳೇ ಒಗ್ಗರಣೆ ಹಾಕುತ್ತಾ, ಅವ್ರಿಗೆ ಬೆಳ್ಳುಳ್ಳಿ ಇನ್ನೂ ಜಾಸ್ತಿ ಇರ್ಬೇಕಿತ್ತು ಅಂತ, ಅವನು ಗದ್ದೆಗೆ ಹೋಗಿದ್ದಾನೆ ಅನ್ನುವ ಹಾಗೆ ಹೇಳುತ್ತಾಳೆ. ಅದನ್ನು ಕೇಳಿದಾಗಲೆಲ್ಲ ಅವಳ ಬಾಯಿ ಮುಚ್ಚಿಸಬೇಕು ಅನ್ನಿಸುತ್ತದೆ. ಕೇಳದೇ ಇರುವುದು ಹೇಗೆ ಅಂತಲೂ ಗೊತ್ತಿಲ್ಲ.

ಫೆಬ್ರವರಿ 17

ಯೋಚಿಸಿದೆ. ಹಸಿರುಮನೆ ಕಟ್ಟಿಸುವುದೇ ಆದರೆ ದೊಡ್ಡದಾಗಿ, ಗಟ್ಟಿಯಾಗಿ ಕಟ್ಟಿಸಬೇಕು. ಆಸೆಪಟ್ಟಿದ್ದಾಳೆ ಪಾಪ. ಮಕ್ಕಳಿಗೆ ಪಾಠ ಹೇಳಿ ಗಳಿಸಿದ ನನ್ನ ಪೆನ್ಷನ್ನಿನಿಂದಲೇ ಕೊಡುತ್ತೇನೆ. ಜನ ಅಂದುಕೊಂಡಷ್ಟು ಕಟುಕಳಲ್ಲ ನಾನು.

ಫೆಬ್ರವರಿ 21, ಶುಕ್ರವಾರ

ದೀಪಿಕ ರಜೆ ಹಾಕಿದಳು, ಇಬ್ಬರೂ ಮಂಡ್ಯಕ್ಕೆ ಹೋದೆವು. ಮೊದಲು ಅಂಗಡಿ. ಅಂಗಳದಲ್ಲಿ ತಯಾರಾಗಿ ನಿಲ್ಲಿಸಿದ್ದ ಪ್ಲಾಸ್ಟಿಕ್ ಗೂಡಿನೊಳಗೆ ಮಾರುವವನು ನಮ್ಮನ್ನು ಕರೆದುಕೊಂಡು ಹೋದ. ಟೈ ಕಟ್ಟಿದ್ದ. ಒಳಗೆ ಎಷ್ಟು ತಂಪು ನೋಡಿ ಮೇಡಂ ಅನ್ನುವಷ್ಟರಲ್ಲಿ ಅವನ ಮೂಗಿನ ತುದಿಯಿಂದ ಬೆವರು ತೊಟ್ಟಿಕ್ಕಿತು. ತಂಪಾಗಿದ್ದರೆ ಬಾಗಿಲು ಹಾಕಿಕೊಂಡು ಸ್ವಲ್ಪ ಹೊತ್ತು ಇಲ್ಲೇ ಇರಪ್ಪ, ನಾವು ಕಾಫಿ ಕುಡಿದು ಬರುತ್ತೇವೆ ಅಂದೆ. ಅವನು ಟೈ ಸಡಿಲ ಮಾಡಿಕೊಂಡ.

ಅಲ್ಲಿಂದ ವಿ.ಸಿ. ಫಾರಂಗೆ, ಕೃಷಿ ಕಾಲೇಜಿಗೆ. ಅಲ್ಲಿನವರೊಬ್ಬರು ನಿಧಾನವಾಗಿ, ಎಲ್ಲವನ್ನೂ ಮೂರು ಮೂರು ಸಲ ಹೇಳಿದರು. ನಮ್ಮ ಬಿಸಿಲಿಗೆ ಶಾಖ ಹಿಡಿದಿಡುವ ಮನೆ ಬೇಡವಂತೆ. ಮೇಲೆ ನೆರಳಿನ ನೆಟ್ಟು, ಮಳೆಗಾಲಕ್ಕೆ ಮಾತ್ರ ಹಾಳೆ, ಸುತ್ತಲೂ ಗಾಳಿಯಾಡುವ ಬಲೆ, ಬಿಸಿ ಗಾಳಿ ಹೊರಗೆ ಹೋಗುವುದಕ್ಕೆ ನೆತ್ತಿಯಲ್ಲಿ ತೆಗೆದು ಮುಚ್ಚುವ ಕಿಂಡಿ. ಇಷ್ಟಕ್ಕೆ ಅಷ್ಟು ಹೊತ್ತು ಬೇಕಿತ್ತೇ? ಒಂದನೇ ಕ್ಲಾಸಿನ ಮಕ್ಕಳಿಗೆ ನಾನು ಇದಕ್ಕಿಂತ ಬೇಗ ಹೇಳುತ್ತಿದ್ದೆ. ಆದರೂ ನಾಲ್ಕು ಪ್ರಶ್ನೆ ಕೇಳಿದೆ, ದುಡ್ಡು ಕೊಡುವವಳು ನಾನಲ್ಲವೇ.

ಬಸ್ಸಿನಲ್ಲಿ ಟೈ ಕಟ್ಟಿದವನನ್ನು ನೆನೆಸಿಕೊಂಡು ದೀಪಿಕ ನಕ್ಕಳು. ತಡೆದುಕೊಳ್ಳಲು ನೋಡಿ, ಆಗದೆ, ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಮದುವೆಯಾಗಿ ಬಂದ ಹೊಸದರಲ್ಲಿ ಹೀಗೇ ನಗುತ್ತಿದ್ದಳು, ಆಗಲೂ ನನಗೆ ಇದು ಅತಿ ಅನ್ನಿಸುತ್ತಿತ್ತು. ಕಂಡಕ್ಟರು ತಿರುಗಿ ನೋಡಿದ. ನೋಡಲಿ.

ಮಾರ್ಚ್ 2, ಭಾನುವಾರ

ಅಳತೆಗೆ ಸಿದ್ದರಾಮು ಬಂದಿದ್ದ. ಮಳವಳ್ಳಿ ರಸ್ತೆಯಲ್ಲಿ ಗೇಟು, ಗ್ರಿಲ್ಲು ಮಾಡುವ ಶೆಡ್ಡು ಇಟ್ಟುಕೊಂಡಿದ್ದಾನೆ. ನನ್ನ ಹತ್ತಿರ ಮೂರನೇ ಕ್ಲಾಸಿನಲ್ಲಿ ಎರಡು ವರ್ಷ ಕುಳಿತವನು. ಈಗಲೂ ಟೇಪು ಹಿಡಿದುಕೊಂಡು ಉದ್ದಕ್ಕೂ ಅಗಲಕ್ಕೂ ಅದಲುಬದಲು ಬರೆದುಕೊಳ್ಳುತ್ತಾನೆ.

ಪೈಪುಗಳನ್ನು ವೆಲ್ಡಿಂಗ್ ಮಾಡಿ ಕಾಲು ಕಾಂಕ್ರೀಟಿನಲ್ಲಿ ಹೂಳುವುದೋ, ಬೋಲ್ಟು ಹಾಕಿ ಜೋಡಿಸುವುದೋ ಅಂತ ಕೇಳಿದ. ವೆಲ್ಡಿಂಗೇ ಅಂದೆ. ಬೋಲ್ಟು ಅಂದಳು ದೀಪಿಕ. ಬೋಲ್ಟಿಗೆ ತುಕ್ಕು ಹಿಡಿಯುತ್ತದೆ ಅಂದೆ. ಎಣ್ಣೆ ಹಾಕಿದರಾಯಿತು ಅಂದಳು. ಗಾಳಿಗೆ ಹಾರಿಹೋಗುತ್ತದೆ ಅಂದೆ. ಅದಕ್ಕೆ ಅವಳು ಸಿದ್ದರಾಮುವಿನ ಕಡೆ ನೋಡಿಕೊಂಡು ಹೇಳಿದಳು:

"ಬೋಲ್ಟ್ ಆದ್ರೆ ನಾಳೆ ಬಿಚ್ಕೊಂಡು ಎಲ್ಲಿ ಬೇಕಾದ್ರೂ ಇಟ್ಕೋಬೋದು."

ಎಲ್ಲಿ ಬೇಕಾದರೂ. ನಮ್ಮ ಹಿತ್ತಲು ಇರುವುದು ಒಂದೇ ಕಡೆ. ನಾನು ಒಳಗೆ ಬಂದು ಅಕ್ಕಿ ಆರಿಸಿದೆ, ಕಲ್ಲೇ ಇಲ್ಲದ ಅಕ್ಕಿ.

ಮಾರ್ಚ್ 6

ಸಿದ್ದರಾಮುವಿಗೆ ಫೋನು ಮಾಡಿದೆ. ಅವನಿಗೆ ಎರಡೆರಡು ಸಲ ಹೇಳಬೇಕು.

ಮಾರ್ಚ್ 13, ಗುರುವಾರ

ಅವಳಿಗೆ ಪರೀಕ್ಷೆ ಡ್ಯೂಟಿ ಇತ್ತು, ಸಂಜೆಯವರೆಗೆ ಬರುವುದಿಲ್ಲ. ಬೆಳಗ್ಗೆಯೇ ಸಿದ್ದರಾಮು ಪೈಪು ಇಳಿಸಿದ. ಒಂದು ಸಂದೂ ಬಿಡಬೇಡ, ಎಲ್ಲ ಬೆಸೆದುಬಿಡು, ಕಾಲಿಗೆ ಕಾಂಕ್ರೀಟು ತುಂಬು ಅಂದೆ. ಅವನು ತಲೆ ಕೆರೆದುಕೊಂಡು, "ಅಲ್ಲ ಮಿಸ್, ಅಕ್ಕಾವ್ರು ಬೋಲ್ಟ್ ಅಂದಿದ್ರು" ಅಂದ. ಮೂರನೇ ಕ್ಲಾಸಿನಲ್ಲಿ ಬಾರದ ಬುದ್ಧಿ ಇವತ್ತು ಬಂದಿತ್ತು ಅವನಿಗೆ. ನೋಡಿದೆ ಒಂದು ನೋಟ. ಕಣ್ಣಿಗೆ ವೆಲ್ಡಿಂಗಿನ ಕನ್ನಡಕ ಏರಿಸಿದ.

ಮಧ್ಯಾಹ್ನದ ಹೊತ್ತಿಗೆ ನಿಂತಿತು. ನೆಟ್ಟು, ಬಾಗಿಲು, ಮಳೆಗಾಲಕ್ಕೆ ಅಂದಿದ್ದ ಹಾಳೆ ಕೂಡ ಈಗಲೇ ಸುತ್ತಲೂ. ಅಲ್ಲಾಡಿಸಿ ನೋಡಿದೆ. ಆನೆ ಬಂದು ಒರಗಿದರೂ ಅಲುಗುವುದಿಲ್ಲ. ಬಹಳ ದಿನದ ಮೇಲೆ ಊಟ ರುಚಿಸಿತು.

ಮಾರ್ಚ್ 14, ಶುಕ್ರವಾರ

ನಿನ್ನೆ ಸಂಜೆ ಬಂದವಳು ಚೀಲ ಹೆಗಲಿನಿಂದ ಇಳಿಸದೆ ಹಿತ್ತಲಿಗೆ ಹೋದಳು. ಬೆಸುಗೆಯ ಮೇಲೆ ಬೆರಳಿಟ್ಟು ನೋಡಿದಳು. ಬಗ್ಗಿ ಕಾಂಕ್ರೀಟು ನೋಡಿದಳು. ಅದು ಇನ್ನೂ ಹಸಿಯಾಗಿತ್ತು. ನಾನು ಗಾಳಿ, ತುಕ್ಕು ಅಂತ ಏನೋ ಹೇಳುತ್ತಿದ್ದೆ.

"ಅತ್ತೆ, ಇದ್ನ ಕಟ್ಸಿದ್ದು ಗಿಡಕ್ಕಾ, ನಂಗಾ?"

ಅಷ್ಟೇ ಅಂದಳು. ದನಿ ಕೂಡ ಎತ್ತಲಿಲ್ಲ. ಒಳಗೆ ಹೋಗಿ ಎಂದಿನಂತೆ ಅಡುಗೆಗೆ ನಿಂತಳು. ಒಗ್ಗರಣೆ ಹಾಕುವಾಗ ಏನೂ ಹೇಳಲಿಲ್ಲ.

ದುಡ್ಡು ಕೊಟ್ಟು ಮಾತು ಕೇಳಿಸಿಕೊಳ್ಳಬೇಕು. ಇದು ನನ್ನ ಹಣೆಬರಹ.

ಮಾರ್ಚ್ 29, ಶನಿವಾರ

ಯುಗಾದಿಗೆ ತವರಿಗೆ ಹೋಗುತ್ತೇನೆ ಅಂದಳು. ಎಷ್ಟು ದಿನಕ್ಕೆ ಅಂತ ಕೇಳಲಿಲ್ಲ ನಾನು, ಅವಳೂ ಹೇಳಲಿಲ್ಲ. ಚಂದನ ಕೀಲಿ ತಿರುಗಿಸಿಕೊಂಡು ಬಂದು ಕರೆದುಕೊಂಡು ಹೋದ. ಕುಂಡಗಳೆಲ್ಲ ಹಸಿರುಮನೆಯೊಳಗೆ ಸಾಲಾಗಿ ಕುಳಿತಿವೆ.

ಯಜಮಾನರು ಹಿತ್ತಲ ಕಲ್ಲಿನ ಮೇಲೆ ಕುಳಿತು ಬಹಳ ಹೊತ್ತು ಅದನ್ನೇ ನೋಡುತ್ತಿದ್ದರು. ಆಮೇಲೆ, "ದನ ಕಟ್ಟಾಕೆ ಗೂಟ ಹೊಡಿತೀವಿ ಕಣೆ. ಆ ಮಗಿಗೂ ಹೊಡ್ದುಬುಟ್ಟಲ್ಲ" ಅಂದರು.

ಇಡೀ ಜನ್ಮದಲ್ಲಿ ನನಗೆ ಎದುರು ಮಾತಾಡದ ಮನುಷ್ಯ. ಮಾತಾಡಲು ಸಿಕ್ಕಿದ ದಿನ ನೋಡಿ.

ಏಪ್ರಿಲ್ 4, ಶುಕ್ರವಾರ

ಬಿಸಿಲು ಕುಕ್ಕುತ್ತಿದೆ. ನೀರು ಹಾಕಲು ಹೋದರೆ ಒಳಗೆ ಹಬೆ, ಇಡ್ಲಿ ಪಾತ್ರೆಯ ಮುಚ್ಚಳ ತೆಗೆದ ಹಾಗೆ. ನೆತ್ತಿಯ ಕಿಂಡಿ ತೆಗೆಯೋಣ ಅಂತ ಕೋಲಿನಿಂದ ತಿವಿದೆ. ಅಲುಗಲಿಲ್ಲ. ಸ್ಟೂಲು ಹಾಕಿಕೊಂಡು ಹತ್ತಿ ನೋಡಿದರೆ ಅದರ ಕೀಲುಗಳಿಗೂ ಬೆಸುಗೆ ಹಾಕಿದ್ದಾನೆ ಆ ಮಹಾನುಭಾವ. ಒಂದು ಸಂದೂ ಬಿಡಬೇಡ ಅಂದಿದ್ದೆನಲ್ಲ. ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವುದನ್ನು ಇದೊಂದು ಸಲ ಕಲಿತಿದ್ದಾನೆ.

ಜರೀಗಿಡಗಳ ಅಂಚು ಸುಟ್ಟು ಕಂದುಬಣ್ಣಕ್ಕೆ ತಿರುಗಿದೆ. ಒಂದೊಂದೇ ಕುಂಡ ಹೊತ್ತುಕೊಂಡು ಬಂದು ವರಾಂಡದ ನೆರಳಿಗೆ ಇಟ್ಟೆ. ಸೊಂಟ ಬಿದ್ದುಹೋಯಿತು. ಇಷ್ಟು ಮಾಡಿಸಿಕೊಂಡು ಒಂದು ಹಿಡಿ ಸೊಪ್ಪು ಕೊಡುವ ಯೋಗ್ಯತೆ ಇಲ್ಲ ಇವಕ್ಕೆ.

ಏಪ್ರಿಲ್ 5

ಬೆಳಗ್ಗೆ ನೀರು ಚಿಮುಕಿಸಿದೆ. ಸಂಜೆಗೂ.

ಏಪ್ರಿಲ್ 11

ಒಂದು ಜರೀಗಿಡ ಸತ್ತಿತು. ಉಳಿದವು ಸುರುಳಿ ಬಿಚ್ಚುತ್ತಿವೆ, ನಾಚಿಕೆಗೆಟ್ಟವು. ಅನ್ನಕ್ಕೆ ಇಟ್ಟು ಮರೆತು ಅವುಗಳ ಮುಂದೆ ಕುಳಿತಿದ್ದೆ. ತಳ ಹಿಡಿದ ಅನ್ನವನ್ನು ಯಜಮಾನರು ಹಾಗೇ ಉಂಡರು. ಸಾರಿಗೆ ಬೆಳ್ಳುಳ್ಳಿ ಹೆಚ್ಚು ಹಾಕಿದ್ದೆ. ಅವರು ನನ್ನ ಮುಖ ನೋಡಿದರು. ನಾನು, "ಯತೀಶಂಗೆ ಇಂಗೆ ಇರ್ಬೇಕಿತ್ತು" ಅಂದೆ. ಹೇಗೋ ಬಾಯಿಂದ ಬಂದುಬಿಟ್ಟಿತು. ಅವರು ಹೂಂ ಅಂದು ಇನ್ನೊಂದು ಸೌಟು ಹಾಕಿಸಿಕೊಂಡರು.

ಏಪ್ರಿಲ್ 18, ಶುಕ್ರವಾರ

ಬಂದಳು. ಹೇಳದೆ ಕೇಳದೆ, ಬಸ್ಸಿನಲ್ಲಿ, ಬೆವೆತುಕೊಂಡು. ವರಾಂಡದಲ್ಲಿ ಕುಂಡಗಳನ್ನು ಕಂಡು ನಿಂತಳು. ಹಿಂದೆ ಹೋಗಿ ಖಾಲಿ ಗೂಡನ್ನೂ ನೋಡಿ ಬಂದಳು. ನಾನು ಮಜ್ಜಿಗೆ ಕೊಟ್ಟೆ. ಹುಡುಗನನ್ನು ನೋಡಿದೆಯಾ ಅಂತ ನೇರವಾಗಿಯೇ ಕೇಳಿದೆ, ಸುತ್ತಿ ಬಳಸಿ ಮಾತಾಡುವುದು ನನಗೆ ಬರುವುದಿಲ್ಲ. ನೋಡಿದಳಂತೆ. ಒಳ್ಳೆಯವನಂತೆ. ಹೆಂಡತಿ ತೀರಿಕೊಂಡಿದ್ದಾಳಂತೆ.

"ಒಪ್ಕೊಂಡ್ಯಾ?"

"ಇಲ್ಲ ಅತ್ತೆ. ನಿಮ್ಗೆ ಹೇಳ್ದೆ ಒಪ್ಕೊಳಕ್ಕೆ ಆಗ್ನಿಲ್ಲ."

ಎಲ್ಲದಕ್ಕೂ ನಗುವವಳ ಕಣ್ಣಲ್ಲಿ ನೀರು ತುಂಬಿತ್ತು. ನನ್ನನ್ನು ಕೇಳಲು ಅಷ್ಟು ದೂರದಿಂದ ಬಂದಿದ್ದಾಳೆ, ನಾನೇನು ಇವಳ ಹೆಡ್ ಮಿಸ್ಸೇ? ಲೋಟ ತೆಗೆದುಕೊಂಡು ಒಳಗೆ ಬಂದೆ. ಇರು ಅನ್ನಬೇಕು ಅನ್ನಿಸಿತು. ನಾನು ಇರು ಅಂದರೆ ಇದ್ದುಬಿಡುತ್ತಾಳೆ ಇವಳು, ಅದು ನನಗೆ ಗೊತ್ತು. ಅದಕ್ಕೇ ಅನ್ನಲಿಲ್ಲ.

ಏಪ್ರಿಲ್ 20, ಭಾನುವಾರ

ಸಿದ್ದರಾಮುವನ್ನು ಕರೆಸಿದೆ. ಗ್ರೈಂಡರ್ ತಂದು ಎಲ್ಲ ಬೆಸುಗೆ ಕೊಯ್ದು, ಕಾಲುಗಳನ್ನು ಕಾಂಕ್ರೀಟಿನ ಮಟ್ಟಕ್ಕೆ ಕತ್ತರಿಸಿ, ತೂತು ಕೊರೆದು ಬೋಲ್ಟು ಹಾಕು ಅಂದೆ. ಅವನು ನನ್ನನ್ನೂ ಸೊಸೆಯನ್ನೂ ನೋಡಿ ಬಾಯಿ ಬಿಟ್ಟುಕೊಂಡು ನಿಂತ. ನಿನ್ನ ಕೆಲಸ ಸರಿಯಿಲ್ಲ, ಅದಕ್ಕೆ ಮತ್ತೆ ಮಾಡಿಸುತ್ತಿದ್ದೇನೆ ಅಂತ ಬೈದೆ. ಪಾಪ, ಬೈಸಿಕೊಂಡ.

ಇಡೀ ದಿನ ಕಿಡಿ, ಕಿರುಚಾಟ. ಸಂಜೆ ದೀಪಿಕ ಕಿಂಡಿಯನ್ನು ಕೋಲಿನಿಂದ ನೂಕಿದಳು, ತೆರೆದುಕೊಂಡಿತು. ಪ್ರತಿ ಬೋಲ್ಟನ್ನೂ ಒಂದು ಸಲ ನಾನೇ ಬಿಚ್ಚಿ, ಹಾಕಿ ನೋಡಿದೆ. ಇವಳಿಗೆ ಕೈಯಲ್ಲಿ ಬಲವಿಲ್ಲ, ರಸಾಯನಶಾಸ್ತ್ರ ಓದಿದವಳು.

ಪಾತ್ರೆ ತೊಳೆಯುವಾಗ, "ಒಪ್ಕೊ ಕಣಮ್ಮ, ಸುಮ್ನೆ ಯಾಕೆ ಕಾಯ್ಸೀಯ" ಅಂದೆ. ನಲ್ಲಿಯ ಸದ್ದಿಗೆ ಅವಳಿಗೆ ಕೇಳಿಸಲಿಲ್ಲವೇನೋ ಅಂದುಕೊಂಡೆ. ಕೇಳಿಸಿತ್ತು. ಒದ್ದೆ ಕೈಯಲ್ಲೇ ನನ್ನ ಕೈ ಹಿಡಿದುಕೊಂಡಳು. ಸೀರೆಯೆಲ್ಲ ನೆನೆಯಿತು.

ಮೇ 11, ಭಾನುವಾರ

ಗಂಡು ಬಂದಿದ್ದ, ಚಂದನನ ಜೊತೆ. ಮನೆಯಲ್ಲಿ ಕರೆಯುವ ಹೆಸರು ಅಪ್ಪು ಅಂತೆ. ತಲೆ ಕೂದಲು ಹಿಂದಕ್ಕೆ ಸರಿದಿರುವ ಗಂಡಸಿಗೆ ಅಪ್ಪು. ಯತೀಶನ ಫೋಟೋದ ಮುಂದೆ ನಿಂತು ಕೈ ಮುಗಿದ, ಯಾರೋ ಹೇಳಿಕೊಟ್ಟಿರಬೇಕು. ಸಾರಿಗೆ ಉಪ್ಪು ಕಡಿಮೆ ಇತ್ತು, ಕೇಳದೆ ಹಾಗೇ ಉಂಡ. ಉಪ್ಪು ಕೇಳುವ ಧೈರ್ಯವಿಲ್ಲದವನು ಇವಳನ್ನು ಏನು ನೋಡಿಕೊಳ್ಳುತ್ತಾನೋ.

ಜೂನಿನಲ್ಲಿ, ಆಷಾಢ ಹಿಡಿಯುವ ಮುಂಚೆ ಅಂತ ಗೊತ್ತು ಮಾಡಿದರು. ಹೊರಡುವಾಗ ಚಂದನ ಕೀಲಿ ತಿರುಗಿಸುವುದನ್ನು ನಿಲ್ಲಿಸಿ ಮಾತು ತೆಗೆದ. ನಮ್ಮ ಕಡೆ ಹೀಗೆ ಎರಡನೇ ಸಂಬಂಧಕ್ಕೆ ಹೋಗುವವಳು ತವರಿನ ಸಾಮಾನು ಮಾತ್ರ ಒಯ್ಯುತ್ತಾಳೆ, ಮೊದಲ ಮನೆಯದು ಒಂದು ಚಮಚವನ್ನೂ ಮುಟ್ಟುವುದಿಲ್ಲ. ಮೊದಲ ಮನೆಯವರು ಆ ಕಾರ್ಯಕ್ಕೂ, ಆ ಹೊಸಿಲಿಗೂ ಹೋಗುವುದಿಲ್ಲ. ಹೋದರೆ ಅಪಶಕುನ ಅನ್ನುತ್ತಾರೆ. ಅದನ್ನೇ ಅವನು ಮೆತ್ತಗೆ ನೆನಪಿಸಿದ. ದೀಪಿಕ ಕೂಡ, ಹಸಿರುಮನೆ ಇಲ್ಲೇ ಇರಲಿ ಅತ್ತೆ ಅಂದಳು.

ಇಲ್ಲಿಟ್ಟುಕೊಂಡು ನಾನೇನು ಮಾಡಲಿ? ಕೋಳಿ ಸಾಕಲೇ? ತೆಗೆದುಕೊಂಡು ಹೋಗು ಅಂದೆ. ಪದ್ಧತಿ ಕಲಿಸಲು ಬಂದಿದ್ದಾನೆ, ಮುದ್ದೆ ಬೇಡ ಅಂದು ಎರಡು ಇಳಿಸಿದವನು.

ಜೂನ್ 8, ಭಾನುವಾರ

ಮದುವೆ ಆಯಿತಂತೆ. ನಾವು ಹೋಗಲಿಲ್ಲ. ಯಜಮಾನರು ಗದ್ದೆಗೆ ಹೋದವರು ಕತ್ತಲಾಗುವವರೆಗೆ ಬರಲಿಲ್ಲ. ಎರಡು ತಟ್ಟೆ ಸಾಕು ಅನ್ನುವುದು ಮರೆತು ಮೂರು ಹಾಕಿದೆ. ಅತ್ತುಬಿಟ್ಟೆ. ಬಹಳ ಹೊತ್ತು ಅತ್ತೆ.

ಜೂನ್ 15, ಭಾನುವಾರ

ಪೈಪು, ಹಾಳೆ, ನೆಟ್ಟು, ಕುಂಡ ಎಲ್ಲ ಗೂಡ್ಸ್ ಆಟೋಗೆ ಹೇರಿಸಿ ಮಂಡ್ಯಕ್ಕೆ ಕಳಿಸಿದೆ. ಹಿಂದೆಯೇ ಬಸ್ಸು ಹತ್ತಿದೆ. ಹೋಗಬಾರದು ಅಂತ ಗೊತ್ತು. ಆದರೆ ಯಾವ ಪೈಪು ಯಾವ ಪೈಪಿಗೆ ಅಂತ ಆ ಮನೆಯಲ್ಲಿ ಯಾರಿಗೆ ಗೊತ್ತು? ಕಿಂಡಿಯನ್ನು ಬುಡಕ್ಕೆ ಹಾಕಿ ಕೂರಿಸುವ ಜನ.

ಅಂದುಕೊಂಡಂತೆಯೇ ಆಗಿತ್ತು. ತಾರಸಿಯ ಮೇಲೆ ಆ ಅಪ್ಪು ಸ್ಪ್ಯಾನರನ್ನು ಹಲ್ಲುಜ್ಜುವ ಬ್ರಷ್ಷಿನ ಹಾಗೆ ಹಿಡಿದುಕೊಂಡು ನಿಂತಿದ್ದ. ನನ್ನನ್ನು ಕಂಡು ದೀಪಿಕ ಕುಂಡ ಕೆಳಗಿಟ್ಟು ಓಡಿ ಬಂದಳು. ಅವನು ಗಾಬರಿಯಿಂದ, ಬನ್ನಿ ಅಂತ ಕುರ್ಚಿ ಹುಡುಕಿದ. ಕುಳಿತುಕೊಳ್ಳಲು ಬಂದಿದ್ದೇನೆಯೇ?

ಅಕ್ಕಪಕ್ಕದವರು, ನೆಂಟರು ನೋಡಲು ಬಂದಿದ್ದರು. ಗಂಡಿನ ಸೋದರತ್ತೆ ಪುಟ್ಟಮಾದಮ್ಮ ಅನ್ನುವವರು, ಕಿವಿ ಸ್ವಲ್ಪ ದೂರ, ಮೆಟ್ಟಿಲು ಹತ್ತಿ ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ನೀವ್ ಯಾರ್ ಕಡೆಯೋರವ್ವ?"

ಚಂದನನೂ ಅಲ್ಲೇ ಇದ್ದ, ಕೀಲಿ ತಿರುಗುತ್ತಿರಲಿಲ್ಲ. ದೀಪಿಕ ತಲೆ ತಗ್ಗಿಸಿದಳು.

"ಎಣ್ಣಿನ್ ಕಡೆ" ಅಂದೆ. ಕೇಳಿಸದೆ ಇನ್ನೊಂದು ಸಲ ಕೇಳಿದರು. ಗಟ್ಟಿಯಾಗಿ ಹೇಳಿದೆ, "ಎಣ್ಣಿನ್ ಕಡೆ ಕಣವ್ವ. ಅವಳ್ ತವರಿಂದ ಬಂದಿವ್ನಿ."

ಓ, ತಾಯಿಯೋ ಅಂದುಕೊಂಡು ಅವರು ಅಲ್ಲೇ ಕುಳಿತರು. ನಾನು ಆ ಅಪ್ಪುವಿನ ಕೈಯಿಂದ ಸ್ಪ್ಯಾನರ್ ಕಿತ್ತುಕೊಂಡು ಉಳಿದ ಬೋಲ್ಟುಗಳನ್ನು ಬಿಗಿದೆ. ಅವನು ಒಂದನ್ನೂ ಸರಿಯಾಗಿ ಹಾಕಿರಲಿಲ್ಲ.